ಮಹರನ್ನು ಇಂಗ್ಲಿಷಿಗೆ ಒಯ್ಯುವಾಗ

ಕೆಲವು ವರ್ಷಗಳ ಹಿಂದೆ ನಾವು ಬರೆದ ಒಂದು ಸಣ್ಣಕಥೆ ಇಂಗ್ಲಿಷಿಗೆ ಹೋಯಿತು. ಕಥೆ ದೊಡ್ಡದೇನಲ್ಲ. ಗಂಡ ತೀರಿಕೊಂಡಿದ್ದಾನೆ. ಮಯ್ಯತ್ತನ್ನು ಇನ್ನೇನು ಎತ್ತಬೇಕು. ನೆರೆದ ಹೆಂಗಸರಲ್ಲಿ ಹಿರಿಯಳೊಬ್ಬಳು ವಿಧವೆಯ ಕಿವಿಯ ಬಳಿ ಬಾಗಿ, 'ಮಹರ್ ಮಾಫ್ ಮಾಡಿದೆ ಅಂತ ಹೇಳಿಬಿಡು ಬೇಟಿ, ಅವನ ಮೇಲೆ ಹೊರೆ ಉಳೀಬಾರದು' ಎನ್ನುತ್ತಾಳೆ. ವಿಧವೆ ಬಹಳ ಹೊತ್ತು ಮಾತನಾಡುವುದಿಲ್ಲ. ಗಂಡಸರು ಹೊರಗೆ ಕಾಯುತ್ತಿದ್ದಾರೆ. ಕೊನೆಗೆ ಅವಳು ತಲೆಯಾಡಿಸುತ್ತಾಳೆ. ಇಷ್ಟೇ ಕಥೆ. ಆ ಮೌನಕ್ಕಾಗಿಯೇ ನಾವು ಅದನ್ನು ಬರೆದದ್ದು.

ಇಂಗ್ಲಿಷಿನಲ್ಲಿ ಅಚ್ಚಾದ ಮೇಲೆ ದೂರದ ಓದುಗರೊಬ್ಬರು ಪತ್ರ ಬರೆದರು. ಕಥೆ ಮನಸ್ಸಿಗೆ ತಟ್ಟಿತು, ಆದರೆ ಒಂದು ವಿಷಯ ಅರ್ಥವಾಗಲಿಲ್ಲ ಎಂದಿದ್ದರು. ಅವಳ ತಂದೆ ಅಳಿಯನಿಗೆ ಕೊಟ್ಟ ಹಣವನ್ನು ಅವಳು ಈಗ ಮಾಫ್ ಮಾಡುವುದೆಂದರೇನು? ಕೊಟ್ಟವರು ಇವರು, ಕ್ಷಮಿಸಬೇಕಾದವರೂ ಇವರೇ? ನಾವು ಪುಸ್ತಕ ತೆರೆದು ನೋಡಿದೆವು. 'ಮಹರ್' ಇದ್ದ ಕಡೆಯಲ್ಲೆಲ್ಲ 'ಡೌರಿ' ಎಂದು ಅಚ್ಚಾಗಿತ್ತು. ಅಚ್ಚಿಗೆ ಮೊದಲು ಅನುವಾದವನ್ನು ನಮಗೆ ತೋರಿಸಿದ್ದರು. ನಾವೂ ಓದಿದ್ದೆವು. ನಮ್ಮ ಕಣ್ಣಿಗೂ ಅದು ಬಿದ್ದಿರಲಿಲ್ಲ. ತಪ್ಪು ಅನುವಾದಕರದ್ದು ಮಾತ್ರವಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಇಂಗ್ಲಿಷಿನಲ್ಲಿ ಮಹರಿಗೆ ನ್ಯಾಯಾಲಯಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಪದ 'ಡವರ್'. ವರದಕ್ಷಿಣೆಗೆ ಇರುವ ಪದ 'ಡೌರಿ'. ಎರಡೂ ಐದೈದು ಅಕ್ಷರದ ಪದಗಳು, ಅವುಗಳಲ್ಲಿ ನಾಲ್ಕು ಅಕ್ಷರ ಎರಡರಲ್ಲೂ ಅವೇ. ಹುಟ್ಟೂ ಒಂದೇ ಬೇರಿನಿಂದ. ಆದರೆ ಒಂದರಲ್ಲಿ ಹಣ ಗಂಡಿನ ಕಡೆಯಿಂದ ಹೆಣ್ಣಿಗೆ ಹರಿಯುತ್ತದೆ, ಇನ್ನೊಂದರಲ್ಲಿ ಹೆಣ್ಣಿನ ಕಡೆಯಿಂದ ಗಂಡಿಗೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು ಬರೆದವರಿಗೆ ಈ ಅಪಾಯ ಗೊತ್ತಿತ್ತು. ವರದಕ್ಷಿಣೆ ಎಂದರೇನು ಎಂದು ಹೇಳುವ ಎರಡನೆಯ ಕಲಮಿನಲ್ಲಿಯೇ, ಮುಸ್ಲಿಂ ವೈಯಕ್ತಿಕ ಕಾನೂನು ಅನ್ವಯವಾಗುವವರ ಮಟ್ಟಿಗೆ 'ಡವರ್' ಅಥವಾ 'ಮಹರ್' ಇದರಲ್ಲಿ ಸೇರುವುದಿಲ್ಲ ಎಂದು ಬಿಡಿಸಿ ಹೇಳಿದರು. ಇಂಗ್ಲಿಷ್ ಪದವೊಂದನ್ನೇ ನಂಬದೆ ಪಕ್ಕದಲ್ಲಿ ಮೂಲ ಪದವನ್ನೂ ಕೂರಿಸಿದರು. ಕಾಯ್ದೆ ಬರೆಯುವವರು ತೋರಿದ ಈ ಎಚ್ಚರವನ್ನು ಕಥೆ ಬರೆಯುವ ನಾವು ತೋರಿರಲಿಲ್ಲ.

ಹಾಗಾದರೆ 'ಡವರ್' ಎಂದು ತಿದ್ದಿದರೆ ಸಾಕೆ? ಅಲ್ಲಿಯೂ ತೊಡಕಿದೆ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಡವರ್ ಎಂದರೆ ಗಂಡ ಸತ್ತ ಮೇಲೆ ವಿಧವೆಗೆ ಅವನ ಭೂಮಿಯಲ್ಲಿ ಜೀವವಿರುವವರೆಗೆ ಸಿಗುವ ಪಾಲು, ಸಾಮಾನ್ಯವಾಗಿ ಮೂರನೆಯ ಒಂದು ಭಾಗ. ಆ ಪದ್ಧತಿಯನ್ನು ಅವರು 1925ರಲ್ಲಿಯೇ ಕಾನೂನಿನಿಂದ ತೆಗೆದುಹಾಕಿದರು. ಮಹರು ಗಂಡನ ಸಾವಿಗಾಗಿ ಕಾಯುವ ಹಣವಲ್ಲ, ನಿಕಾಹಿನ ಮಾತಿನೊಂದಿಗೇ ಹುಟ್ಟುವ ಹಕ್ಕು. ಇನ್ನು ಕೆಲವರು 'ಬ್ರೈಡ್ ಪ್ರೈಸ್' ಎನ್ನುತ್ತಾರೆ. ಅದು ನಮ್ಮ ಹಳ್ಳಿಗಳಲ್ಲಿ 'ತೆರ' ಎನ್ನುತ್ತಿದ್ದ ಪದ್ಧತಿ. ತೆರ ಹುಡುಗಿಯ ತಂದೆಯ ಕೈ ಸೇರುತ್ತದೆ, ಮಹರು ಹುಡುಗಿಯ ಕೈಯನ್ನೇ ಸೇರಬೇಕು. ತಂದೆಗೂ ಅದರಲ್ಲಿ ಪಾಲಿಲ್ಲ. ನ್ಯಾಯಾಲಯದ ಭಾಷೆ ಇನ್ನೂ ಒಂದು ಪದವನ್ನು ತಂದಿತು. 1886ರಲ್ಲಿ ಅಲಹಾಬಾದಿನ ಹೈಕೋರ್ಟಿನಲ್ಲಿ ಸರ್ ಸೈಯದ್ ಅಹ್ಮದ್ ಖಾನರ ಮಗ ಜಸ್ಟಿಸ್ ಸೈಯದ್ ಮಹಮೂದರು ಮಹರನ್ನು ವಿವರಿಸುವಾಗ ಕ್ರಯದ ಕರಾರನ್ನು ಹೋಲಿಕೆಗೆ ತೆಗೆದುಕೊಂಡರು. ಕರಾರಿನ ಕಾನೂನಿನ 'ಕನ್ಸಿಡರೇಶನ್' ಎಂಬ ಪದ ಅದರ ಜೊತೆಗೆ ಬಂತು. ಇಂಗ್ಲಿಷ್ ಕಾನೂನು ಕಲಿತವರಿಗೆ ತಿಳಿಯಲಿ ಎಂದು ಹೇಳಿದ ಹೋಲಿಕೆ ಅದು. ಮುಂದೆ ಓದಿದವರಲ್ಲಿ ಹಲವರು ಹೋಲಿಕೆಯನ್ನೇ ವಸ್ತುವೆಂದು ತಿಳಿದರು. ಮುಸ್ಲಿಮರ ಮದುವೆ ಒಂದು ಕೊಳ್ಳುವ ಮಾರುವ ವ್ಯವಹಾರ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಪವಿತ್ರ ಕುರ್‌ಆನಿನ ನಾಲ್ಕನೆಯ ಅಧ್ಯಾಯದಲ್ಲಿ ಇದಕ್ಕೆ ಬಳಕೆಯಾಗಿರುವ 'ನಿಹ್ಲ' ಎಂಬ ಪದದಲ್ಲಿ ಮನಸಾರೆ ಕೊಡುವ ಕೊಡುಗೆಯ ಅರ್ಥವಿದೆ. ಬೆಲೆಯ ಅರ್ಥವಿಲ್ಲ.

ಇಂಗ್ಲಿಷಿನ ಮೇಲೆ ಎಲ್ಲ ಗೂಬೆಯನ್ನೂ ಕೂರಿಸುವುದು ನ್ಯಾಯವಲ್ಲ. ಒಮ್ಮೊಮ್ಮೆ ಇಂಗ್ಲಿಷು ನಮ್ಮ ಗೊಂದಲವನ್ನು ಬಿಡಿಸಿಯೂ ಕೊಡುತ್ತದೆ. ಮಹರಿನಲ್ಲಿ ಎರಡು ಬಗೆ. ಕೂಡಲೇ ಕೊಡಬೇಕಾದದ್ದು ಒಂದು, ಮುಂದಕ್ಕೆ ಇಟ್ಟುಕೊಂಡದ್ದು ಇನ್ನೊಂದು. ಉರ್ದುವಿನಲ್ಲಿ ಎರಡಕ್ಕೂ ಇರುವ ಪದಗಳು ಕಿವಿಗೆ ಹೆಚ್ಚುಕಡಿಮೆ ಒಂದೇ. ಒಂದನ್ನು 'ಐನ್' ಅಕ್ಷರದಿಂದ ಬರೆಯುತ್ತಾರೆ, ಅದರ ಬೇರು ಆತುರ. ಇನ್ನೊಂದನ್ನು 'ಹಮ್ಜಾ' ಹಾಕಿ ಬರೆಯುತ್ತಾರೆ, ಅದರ ಬೇರು ಗಡುವು. ಉರ್ದು ಶಾಲೆಯ ಮಣೆಯ ಮೇಲೆ ಕೂತು ಕಲಿತ ನಮಗೇ ನಿಕಾಹಿನ ಗದ್ದಲದಲ್ಲಿ ಅವೆರಡರ ವ್ಯತ್ಯಾಸ ಕೇಳಿಸುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ 'ಮುಅಜ್ಜಲ್' ಆಗಿಬಿಡುತ್ತವೆ. ವಧುವಿನ ಸಮ್ಮತಿ ಕೇಳಲು ಒಳಗೆ ಹೋದ ವಕೀಲರು ಮತ್ತು ಸಾಕ್ಷಿಗಳು ಆ ಪದವನ್ನು ಬೇಗನೆ ಉಚ್ಚರಿಸಿ ಹೊರಗೆ ಬರುತ್ತಾರೆ. ತನ್ನ ಹಣ ಇವತ್ತು ಸಿಗುತ್ತದೋ, ಯಾವತ್ತೋ ಸಿಗುತ್ತದೋ ಎಂಬುದು ಹುಡುಗಿಗೆ ತಿಳಿಯುವುದೇ ಇಲ್ಲ. ಇಂಗ್ಲಿಷಿನಲ್ಲಿ ಒಂದು 'ಪ್ರಾಂಪ್ಟ್', ಇನ್ನೊಂದು 'ಡಿಫರ್ಡ್'. ಕಿವಿ ಮಂದವಾದವರಿಗೂ ವ್ಯತ್ಯಾಸ ಕೇಳಿಸುತ್ತದೆ.

ಇಷ್ಟನ್ನು ನೋಡಿದ ಮೇಲೆ ನಮಗೆ ಅನ್ನಿಸಿದ್ದು ಇದು. ಹತ್ತಿರದ ಎರಡು ಇಂಗ್ಲಿಷ್ ಪದಗಳಲ್ಲಿ ಒಂದನ್ನು ಆರಿಸುವಾಗ ನಿಘಂಟು ತೆರೆಯುವುದಕ್ಕೆ ಮೊದಲು ಮೂರು ಪ್ರಶ್ನೆ ಕೇಳಬೇಕು. ಯಾರು ಕೊಡುತ್ತಾರೆ? ಯಾರ ಕೈ ಸೇರುತ್ತದೆ? ಯಾವಾಗ? ಈ ಮೂರಕ್ಕೆ ಉತ್ತರ ಗೊತ್ತಿಲ್ಲದವನಿಗೆ ಎಂಥ ನಿಘಂಟೂ ದಾರಿ ತೋರಿಸುವುದಿಲ್ಲ. ಇದು ಬರೀ ಕಥೆಗಾರರ ಕಸುಬಿನ ಮಾತಲ್ಲ. ಎರಡು ಇಂಗ್ಲಿಷ್ ಪದಗಳ ನಡುವಿನ ಆಯ್ಕೆಯ ಮೇಲೆ ಈ ದೇಶದ ಮುಸ್ಲಿಂ ಹೆಣ್ಣುಮಕ್ಕಳ ಬದುಕು ಹದಿನಾರು ವರ್ಷ ತೂಗಾಡಿತು.

ಶಾ ಬಾನೊ ಮೊಕದ್ದಮೆಯ ಹೆಸರು ಕೇಳದವರು ಕಡಿಮೆ. ಅದರ ವಿವರ ನೆನಪಿರುವವರೂ ಕಡಿಮೆ. ಇಂದೋರಿನ ವಕೀಲರೊಬ್ಬರ ಹೆಂಡತಿ ಆಕೆ. ಮದುವೆಯಾದದ್ದು 1932ರಲ್ಲಿ, ಮನೆಯಿಂದ ಹೊರಬಿದ್ದದ್ದು 1975ರಲ್ಲಿ. 1978ರ ಏಪ್ರಿಲಿನಲ್ಲಿ ತಿಂಗಳಿಗೆ 500 ರೂಪಾಯಿ ಕೇಳಿ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷದ ನವೆಂಬರಿನಲ್ಲಿ ಗಂಡ ತಲಾಖ್ ಕೊಟ್ಟರು. ಇದ್ದತ್ತಿನ ಅವಧಿಗೆಂದೂ ಮಹರಿಗೆಂದೂ 3000 ರೂಪಾಯಿಯನ್ನು ನ್ಯಾಯಾಲಯದಲ್ಲಿ ಇಟ್ಟು, ಇನ್ನು ತಮಗೂ ಆಕೆಗೂ ಲೆಕ್ಕವಿಲ್ಲ ಎಂದರು. ಮ್ಯಾಜಿಸ್ಟ್ರೇಟರು ಆಕೆಗೆ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದರ ಮೇಲೂ ಗಂಡ ಸುಪ್ರೀಂ ಕೋರ್ಟಿಗೆ ಹೋದರು. 1985ರ ಏಪ್ರಿಲ್ 23ರಂದು ಐವರು ನ್ಯಾಯಮೂರ್ತಿಗಳ ಪೀಠ ಆಕೆಯ ಪರವಾಗಿ ತೀರ್ಪು ಕೊಟ್ಟಿತು.

ಆ ತೀರ್ಪಿನ ಒಂದು ಭಾಗ ಪೂರ್ತಿ ಅನುವಾದದ ಚರ್ಚೆ. ಕುರ್‌ಆನಿನ ಎರಡನೆಯ ಅಧ್ಯಾಯದ 241ನೇ ವಚನದಲ್ಲಿ ವಿಚ್ಛೇದಿತ ಹೆಂಗಸರಿಗೆ 'ಮತಾ' ಕೊಡಬೇಕೆಂದಿದೆ. ಅಬ್ದುಲ್ಲಾ ಯೂಸುಫ್ ಅಲಿಯವರ ಇಂಗ್ಲಿಷ್ ಅನುವಾದದಲ್ಲಿ ಇದು 'ಮೆಂಟೆನೆನ್ಸ್'. ಮಾರ್ಮಡ್ಯೂಕ್ ಪಿಕ್ಥಾಲರ ಅನುವಾದದಲ್ಲಿ 'ಪ್ರಾವಿಜನ್'. ಇಬ್ಬರೂ ಇಸ್ಲಾಮನ್ನು ಬಲ್ಲವರು, ಇಬ್ಬರ ಅನುವಾದವೂ ನಮ್ಮ ಮನೆಗಳ ಕಪಾಟಿನಲ್ಲಿವೆ. ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯ ವಕೀಲರು ಪೀಠದ ಮುಂದೆ ವಾದಿಸಿದ್ದು, ಇಲ್ಲಿ ಸರಿಯಾದ ಪದ 'ಪ್ರಾವಿಜನ್', 'ಮೆಂಟೆನೆನ್ಸ್' ಅಲ್ಲ ಎಂದು. ಎಂದರೆ ಬೀಳ್ಕೊಡುವಾಗ ಒಂದಿಷ್ಟು ಕೊಟ್ಟು ಕಳಿಸಬೇಕು, ತಿಂಗಳು ತಿಂಗಳೂ ಸಾಕುವ ಹೊಣೆ ಇಲ್ಲ ಎಂಬುದು ಅವರ ಇಂಗಿತ. ನ್ಯಾಯಾಲಯ ಈ ಎರಡು ಪದಗಳ ನಡುವೆ ಹುರುಳಿರುವ ವ್ಯತ್ಯಾಸವೇನೂ ಇಲ್ಲವೆಂದು ವಾದವನ್ನು ಬದಿಗಿಟ್ಟಿತು. ಮಹರಿನ ಬಗ್ಗೆಯೂ ಒಂದು ಮಾತು ಹೇಳಿತು. ಮಹರು ಹುಟ್ಟುವುದು ಮದುವೆಯಿಂದ, ಹೆಂಡತಿಗೆ ಸಲ್ಲುವ ಗೌರವದ ಗುರುತಾಗಿ. ಅದನ್ನು ತಲಾಖಿಗೆ ಕೊಟ್ಟ ಹಣವೆಂದು ತೋರಿಸಿ ಕೈ ತೊಳೆದುಕೊಳ್ಳುವಂತಿಲ್ಲ.

ಆಮೇಲೆ ಬೀದಿಗಳಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. 1986ರಲ್ಲಿ ಹೊಸ ಕಾಯ್ದೆ ಬಂತು. ಆ ಕಾಯ್ದೆಯ ಮೂರನೆಯ ಕಲಮನ್ನು ಬರೆದವರು ಎರಡೂ ಪದಗಳನ್ನು ಇಟ್ಟರು. ಇದ್ದತ್ತಿನ ಅವಧಿಯ ಒಳಗೆ ಮಾಜಿ ಗಂಡನು ನ್ಯಾಯವಾದ 'ಪ್ರಾವಿಜನ್' ಮತ್ತು 'ಮೆಂಟೆನೆನ್ಸ್' ಎರಡನ್ನೂ ಮಾಡಿ, ಕೊಡಬೇಕು ಎಂಬುದು ಅದರ ಸಾರ. ಮೂರು ತಿಂಗಳ ಖರ್ಚು ಕೊಟ್ಟರೆ ಗಂಡ ಮುಕ್ತ ಎಂದೇ ಹಲವರು ಅದನ್ನು ಓದಿದರು. ಪತ್ರಿಕೆಗಳೂ ಹಾಗೆಯೇ ಬರೆದವು. ಆದರೆ 1988ರಲ್ಲಿಯೇ ಕೇರಳ ಮತ್ತು ಗುಜರಾತಿನ ಹೈಕೋರ್ಟುಗಳು ಆ ಕಲಮನ್ನು ಬೇರೆ ರೀತಿ ಓದತೊಡಗಿದವು. ಶಾ ಬಾನೊ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ನಿಂತಿದ್ದ ವಕೀಲ ದಾನಿಯಾಲ್ ಲತೀಫಿಯವರು 1986ರ ಕಾಯ್ದೆಯನ್ನೇ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ಅದರ ತೀರ್ಪು ಬಂದದ್ದು 2001ರ ಸೆಪ್ಟೆಂಬರ್ 28ರಂದು. ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಸ್. ರಾಜೇಂದ್ರ ಬಾಬು.

ಒಬ್ಬ ಕಥೆಗಾರ ಆ ತೀರ್ಪನ್ನು ಓದಿದರೆ ಬೆರಗಾಗಬೇಕು. ಒಳ್ಳೆಯ ವಿಮರ್ಶಕ ಕವಿತೆಯನ್ನು ಓದುವಂತೆ ನ್ಯಾಯಮೂರ್ತಿಗಳು ಒಂದು ವಾಕ್ಯವನ್ನು ಓದಿದ್ದಾರೆ. ಕಾಯ್ದೆ 'ಮಾಡಿ' ಎಂದಿದೆ, 'ಕೊಡಬೇಕು' ಎಂದೂ ಇದೆ. ಎರಡು ಕ್ರಿಯಾಪದ ಏಕೆ? ಪ್ರಾವಿಜನನ್ನು ಮಾಡುವುದು, ಮೆಂಟೆನೆನ್ಸನ್ನು ಕೊಡುವುದು. ಅಲ್ಲಿಗೆ ಎರಡೂ ಬೇರೆ ಬೇರೆ. ಕಾಯ್ದೆಯಲ್ಲಿರುವುದು ಇದ್ದತ್ತಿನ 'ಒಳಗೆ' ಎಂದು, ಇದ್ದತ್ತಿನ 'ಮಟ್ಟಿಗೆ' ಎಂದಲ್ಲ. ಒಳಗೆ ಎಂಬುದು ಗಡುವು, ಕೊಡುವುದರ ಅಳತೆಯಲ್ಲ. ಆದ್ದರಿಂದ ಗಂಡನು ಇದ್ದತ್ತಿನ ಮೂರು ತಿಂಗಳ ಒಳಗೆ ಆಕೆಯ ಮುಂದಿನ ಬದುಕಿಗೆಲ್ಲ ಸಾಲುವ ಏರ್ಪಾಡು ಮಾಡಬೇಕು. ಕಾಯ್ದೆ ಉಳಿಯಿತು, ಅದರ ಅರ್ಥ ಹೆಣ್ಣಿನ ಕಡೆಗೆ ತಿರುಗಿತು.

ಇದರಲ್ಲಿರುವ ವಿಪರ್ಯಾಸವನ್ನು ನಾವು ಸರಿಯಾಗಿ ಗಮನಿಸಲಿಲ್ಲ. 1985ರಲ್ಲಿ ಎರಡು ಪದಗಳೂ ಬೇರೆ ಎಂದು ಹಟ ಹಿಡಿದವರು ಹೆಣ್ಣಿಗೆ ತಿಂಗಳ ಹಣ ಕೊಡಬೇಕಿಲ್ಲ ಎಂದವರು. ಎರಡೂ ಒಂದೇ ಎಂದದ್ದು ಆಕೆಗೆ ಹಣ ಕೊಡಿಸಿದ ನ್ಯಾಯಾಲಯ. 2001ರಲ್ಲಿ ಎರಡೂ ಬೇರೆ ಎಂದದ್ದರಿಂದಲೇ ಆಕೆಗೆ ಬದುಕಿನ ಭದ್ರತೆ ಸಿಕ್ಕಿತು. ಪದ ಅದೇ, ಕೇಳುವ ಪ್ರಶ್ನೆ ಬದಲಾಗಿತ್ತು. ಹಳೆಯ ಫ್ರೆಂಚಿನಿಂದ ಬಂದ 'ಮೆಂಟೆನೆನ್ಸ್' ಎಂಬುದರ ಬೇರಿನಲ್ಲಿ ಕೈಯಲ್ಲಿ ಹಿಡಿದುಕೊಳ್ಳುವ ಅರ್ಥವಿದೆ. ಲ್ಯಾಟಿನಿನಿಂದ ಬಂದ 'ಪ್ರಾವಿಜನ್' ಎಂಬುದರ ಬೇರಿನಲ್ಲಿ ಮುಂದಿನದನ್ನು ಕಾಣುವ ಅರ್ಥವಿದೆ. ಕೈ ಬಿಟ್ಟವನು ಕನಿಷ್ಠ ಮುಂದಿನದನ್ನಾದರೂ ಕಾಣಬೇಕೆಂದು ನ್ಯಾಯಾಲಯ ಹೇಳಿದಂತಾಯಿತು.

ಈಗ ನಮ್ಮ ಕನ್ನಡದ ಕಡೆ ನೋಡೋಣ. ಮೆಂಟೆನೆನ್ಸಿಗೆ ನಾವು 'ಜೀವನಾಂಶ' ಎನ್ನುತ್ತೇವೆ. ಒಳ್ಳೆಯ ಪದ. ಪ್ರಾವಿಜನ್ ಬಂದಾಗಲೂ ಜೀವನಾಂಶ ಎಂದೆವು. ಆಲಿಮನಿಗೂ ಅದೇ. ಮುಮ್ಮಾರು ತಲಾಖಿನ ವಿರುದ್ಧ 2019ರಲ್ಲಿ ಬಂದ ಕಾಯ್ದೆಯಲ್ಲಿ 'ಸಬ್ಸಿಸ್ಟೆನ್ಸ್ ಅಲೋಯನ್ಸ್' ಎಂದಿದೆ, ಅದಕ್ಕೂ ಜೀವನಾಂಶ. ಹೀಗಾದ್ದರಿಂದ 2001ರ ತೀರ್ಪಿನ ಸುದ್ದಿಯನ್ನು ಬರೀ ಕನ್ನಡದಲ್ಲಿ ಓದಿದವರಿಗೆ ಅದು ಹೇಗೆ ಸಾಧ್ಯವಾಯಿತೆಂಬುದೇ ತಿಳಿಯುವಂತಿರಲಿಲ್ಲ. ಇದ್ದತ್ತಿನೊಳಗೆ ಜೀವನಾಂಶ ಎಂದಮೇಲೆ ಜೀವನವಿಡೀ ಜೀವನಾಂಶ ಹೇಗೆ ಎಂದು ಜಮಾಅತ್ತಿನ ಹಿರಿಯರೊಬ್ಬರು ನಮ್ಮನ್ನು ಕೇಳಿದ್ದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅವರ ಕೈಗೆ ನಾವು ಒಂದೇ ಪದ ಕೊಟ್ಟಿದ್ದೆವು. ಉರ್ದುವಿನಲ್ಲಿ ಮೆಂಟೆನೆನ್ಸಿಗೆ 'ನಾನ್‌-ನಫಖಾ' ಎಂಬ ಪದವಿದೆ. ಅದರಲ್ಲಿ ರೊಟ್ಟಿಯೂ ಇದೆ, ಖರ್ಚೂ ಇದೆ. 'ಮತಾ' ಎಂದರೆ ಉರ್ದುವಿನಲ್ಲಿ ಸೊತ್ತು, ಸರಕು, ಬಾಳುವ ವಸ್ತು. ಉರ್ದು ಬಲ್ಲ ಹಿರಿಯರಿಗೆ ಈ ಎರಡು ಪದಗಳಿಂದ ಹೇಳಿದ್ದರೆ ಅರ್ಧ ಗಳಿಗೆಯಲ್ಲಿ ತಿಳಿಯುತ್ತಿತ್ತು. ಕನ್ನಡದಲ್ಲಿ ಒಂದನ್ನು 'ತಿಂಗಳ ಖರ್ಚು' ಎಂದೂ ಇನ್ನೊಂದನ್ನು 'ಮುಂದಿನ ಬದುಕಿನ ಏರ್ಪಾಡು' ಎಂದೂ ಹೇಳಬಹುದಿತ್ತು. ಪದ ಉದ್ದವಾದರೆ ಆಗಲಿ, ಕೇಳಿದವಳಿಗೆ ತನಗೆ ಏನು ಬರಬೇಕೆಂದು ಗೊತ್ತಾದರೆ ಸಾಕು. 2024ರ ಜುಲೈ 10ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟು, ವಿಚ್ಛೇದಿತ ಮುಸ್ಲಿಂ ಹೆಣ್ಣುಮಗಳು ಎಲ್ಲರಿಗೂ ಇರುವ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿಯೂ ತಿಂಗಳ ಖರ್ಚು ಕೇಳಬಹುದು, 1986ರ ಕಾಯ್ದೆ ಅದನ್ನು ತಡೆಯುವುದಿಲ್ಲ ಎಂದಿತು. ಆ ಕಲಮು ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಎರಡು ಬಾಗಿಲುಗಳಿವೆ ಎಂದು ಹೇಳಲು ಎರಡು ಪದಗಳು ಬೇಕೇ ಬೇಕು.

ಕಾನೂನಿನಲ್ಲಿ ಹೀಗೆ. ಸಾಹಿತ್ಯದಲ್ಲಿ ಈ ಆಯ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಈಚಿನ ದೊಡ್ಡ ನಿದರ್ಶನ ನಮ್ಮೆಲ್ಲರ ಕಣ್ಣ ಮುಂದಿದೆ. ಬಾನು ಮುಷ್ತಾಕರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು 'ಹಾರ್ಟ್ ಲ್ಯಾಂಪ್' ಎಂದು ಇಂಗ್ಲಿಷಿಗೆ ತಂದರು. 2025ರ ಮೇ 20ರಂದು ಅದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಕನ್ನಡದ ಕೃತಿಗೆ ಅದು ಮೊದಲ ಸಲ, ಸಣ್ಣಕಥೆಗಳ ಸಂಕಲನಕ್ಕೂ ಮೊದಲ ಸಲ. ನಾವು ಸಂತೋಷಪಟ್ಟೆವು, ಸಿಹಿ ಹಂಚಿದೆವು. ಅನುವಾದ ನಿಜವಾಗಿ ಏನು ಮಾಡಿದೆ ಎಂದು ನೋಡಿದವರು ಮಾತ್ರ ಕಡಿಮೆ.

ದೀಪಾ ಅವರು ಕನ್ನಡ, ಉರ್ದು, ಅರಬಿ ಪದಗಳಲ್ಲಿ ಹಲವನ್ನು ಹಾಗೆಯೇ ಉಳಿಸಿದ್ದಾರೆ. ಅವುಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ. ಅಡಿಟಿಪ್ಪಣಿ ಕೊಟ್ಟಿಲ್ಲ. ಓರೆ ಅಕ್ಷರ ಏಕೆ ಬೇಡವೆಂಬುದಕ್ಕೆ ಪುಸ್ತಕದಲ್ಲಿ ತಮ್ಮ ಮಾತನ್ನೂ ಬರೆದಿದ್ದಾರೆ. ಇದು ನಮ್ಮ ಪೀಳಿಗೆಯ ಕಥೆಗಾರರಿಗೆ ಪಾಠ. ನಾವು ಬರೆಯಲು ತೊಡಗಿದಾಗ 'ವುಝೂ' ಎಂದು ಬರೆದು ಆವರಣದೊಳಗೆ 'ಅಂಗಸ್ನಾನ' ಎಂದು ಹಾಕುತ್ತಿದ್ದೆವು. ಪಕ್ಕದ ಮನೆಯ ಓದುಗನಿಗೆ ನಾವೇ ಅಪರಿಚಿತರು ಎಂಬ ಅಳುಕು ಆ ಆವರಣಚಿಹ್ನೆಯಲ್ಲಿತ್ತು.

ಪದವನ್ನು ಹಾಗೆಯೇ ಬಿಟ್ಟರೆ ಅರ್ಥವಾಗುವುದು ಹೇಗೆ? 'ಕರಿ ನಾಗರಗಳು' ಕಥೆಯನ್ನು ನೋಡಿ. ಗಿರೀಶ್ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಎಂದು ಚಿತ್ರ ಮಾಡಿದ ಕಥೆ ಅದು. ಗಂಡ ಕೈಬಿಟ್ಟ ಹೆಂಗಸೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಮುತವಲ್ಲಿಯ ಬಾಗಿಲಿಗೆ ಬರುತ್ತಾಳೆ. 'ಮುತವಲ್ಲಿ'ಗೆ ಇಂಗ್ಲಿಷಿನಲ್ಲಿ 'ಟ್ರಸ್ಟಿ' ಎನ್ನಬಹುದೆ, 'ಮ್ಯಾನೇಜರ್' ಎನ್ನಬಹುದೆ? 1921ರಲ್ಲಿ ಪ್ರಿವಿ ಕೌನ್ಸಿಲಿನ ಮುಂದೆ ಇದೇ ಪ್ರಶ್ನೆ ಬಂದಿತ್ತು. ವಕ್ಫಿನ ಸೊತ್ತು ದೇವರದ್ದು, ಮುತವಲ್ಲಿ ಅದರ ಒಡೆತನ ಪಡೆದ ಟ್ರಸ್ಟಿಯಲ್ಲ, ನೋಡಿಕೊಳ್ಳುವ ಮ್ಯಾನೇಜರ್ ಮಾತ್ರ ಎಂದು ಅವರು ಹೇಳಿದರು. ಕಾನೂನಿನ ಪ್ರಕಾರ ಅದು ಸರಿ. ಆದರೆ ಬಾನು ಅವರ ಮುತವಲ್ಲಿಯನ್ನು ಮ್ಯಾನೇಜರ್ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಕಥೆ ಕೆಡುತ್ತಿತ್ತು. ಯಾಕೆಂದರೆ ಆತ ನಡೆದುಕೊಳ್ಳುವುದು ಒಡೆಯನಂತೆ. ನೋಡಿಕೊಳ್ಳಬೇಕಾದವನು ಒಡೆಯನಾಗಿ ಕೂತಿದ್ದಾನೆ ಎಂಬುದೇ ಆ ಕಥೆಯ ಕಿಚ್ಚು. ಪದವನ್ನು ಹಾಗೇ ಬಿಟ್ಟದ್ದರಿಂದ ಓದುಗ ಆತನ ನಡತೆಯಿಂದಲೇ ಅರ್ಥವನ್ನು ಕಟ್ಟಿಕೊಳ್ಳುತ್ತಾನೆ.

ಪುಸ್ತಕದ ಮೊದಲ ಕಥೆ 'ಶಾಯಿಸ್ತಾ ಮಹಲಿನ ಕಲ್ಲು ಚಪ್ಪಡಿಗಳು' ಇನ್ನೂ ಸೊಗಸಾದ ಉದಾಹರಣೆ. ಅದರ ನಿರೂಪಕಿ ತನ್ನ ಗಂಡನನ್ನು ನಮಗೆ ಪರಿಚಯಿಸಲು ಹೋಗಿ ಪದ ಸಿಗದೆ ತಡವರಿಸುತ್ತಾಳೆ. 'ಮನೆಯವರು' ಎನ್ನಲು ಹೋದರೆ ಮನೆಯಲ್ಲಿರುವವಳು ತಾನು. 'ಯಜಮಾನರು' ಎಂದರೆ ತಾನು ಆಳಾಗಬೇಕು. ಅನುವಾದಕಿ ಇಲ್ಲಿ 'ಹಸ್ಬೆಂಡ್' ಎಂದು ಒಂದೇ ಏಟಿಗೆ ಮುಗಿಸಿದ್ದರೆ ಹಾಸ್ಯವೂ ಹೋಗುತ್ತಿತ್ತು, ಒಳಗಿನ ಮುಳ್ಳೂ ಹೋಗುತ್ತಿತ್ತು. ಕನ್ನಡದ ಪದಗಳನ್ನು ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಕಟ್ಟಿ, ಇಂಗ್ಲಿಷು ಮುಗ್ಗರಿಸುವಂತೆ ಮಾಡಿದ್ದಾರೆ. ನಿರೂಪಕಿ ಅಲ್ಲಿ ಕೇಳುತ್ತಿರುವುದೂ ನಮ್ಮ ಪ್ರಶ್ನೆಯನ್ನೇ. ಈ ಪದ ಹೇಳಿದರೆ ಯಾರು ಯಾರಿಗೆ ಏನಾಗುತ್ತಾರೆ?

ಆದರೆ ಈ ದಾರಿಗೂ ಮಿತಿಯಿದೆ ಎಂಬುದನ್ನು ಹೇಳಲೇಬೇಕು. ಕಥೆಯಲ್ಲಿ ಪದದ ಸುತ್ತ ಮನುಷ್ಯರು ಓಡಾಡುತ್ತಿರುತ್ತಾರೆ, ಅವರೇ ಅರ್ಥ ಹೇಳುತ್ತಾರೆ. ಸುತ್ತ ಏನೂ ನಡೆಯದ ಕಡೆ ಪದವನ್ನು ಬಿಟ್ಟು ಹೋದರೆ ಅದು ಬರೀ ಅಲಂಕಾರ. ಬೂಕರ್ ಬಂದ ಮೇಲೆ ಹಾಗೆ ಬಿಟ್ಟುಹೋಗುವುದೇ ಒಂದು ಫ್ಯಾಷನ್ನಾದೀತೆಂಬ ಭಯ ನಮಗಿದೆ. ಮತ್ತೆ, ಎಲ್ಲ ವಿವರಣೆಯೂ ಕಥೆಯಲ್ಲ. ಪೊಲೀಸ್ ಠಾಣೆಯಲ್ಲಿ, ಬ್ಯಾಂಕಿನಲ್ಲಿ, ವಿದೇಶದ ವೀಸಾ ಅರ್ಜಿಯಲ್ಲಿ, ಪಕ್ಕದ ಮನೆಯವರ ಮುಂದೆ ನಿಂತಾಗ 'ಮಹರ್' ಎಂದು ಹೇಳಿ ಸುಮ್ಮನಾಗಲು ಆಗುವುದಿಲ್ಲ. ಅಲ್ಲಿ ಪದ ಆರಿಸಲೇಬೇಕು.

ನಮ್ಮ ಕಥೆಗೆ ಮರಳೋಣ. ಪುಸ್ತಕ ಎರಡನೆಯ ಮುದ್ರಣಕ್ಕೆ ಹೋಗುವಾಗ ಅನುವಾದಕರ ಜೊತೆ ಕೂತು ಮಾತಾಡಿದೆವು. ಅವರು ಮುಸ್ಲಿಮರಲ್ಲ, ಆದರೆ ನಮ್ಮ ಮನೆಗಳ ಮದುವೆಗೆ ಬಂದು ಹೋಗುವವರು. 'ಡೌರಿ ಎಂದು ಏಕೆ ಹಾಕಿದಿರಿ' ಎಂದು ಕೇಳಿದೆವು. ಅವರು ಸಂಕೋಚದಿಂದಲೇ ಹೇಳಿದರು: 'ಸಾರ್, ನಾನು ನೋಡಿದ ಮದುವೆಗಳಲ್ಲಿ ಹಣ ಹೋದದ್ದು ಹುಡುಗನ ಮನೆಗೇ. ಮಹರ್ ಅಂದರೂ ಅದೇ ಇರಬೇಕು ಅಂದುಕೊಂಡೆ.'

ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅವರು ಕಂಡದ್ದು ಸುಳ್ಳಲ್ಲ. 'ಜೋಡೇ ಕಿ ರಖಮ್' ಎಂದು ಒಂದು ಮೊತ್ತ ನಿಕಾಹಿಗೆ ಮೊದಲೇ ಎಣಿಸಿ ಹುಡುಗನ ಕಡೆಗೆ ಹೋಗುತ್ತದೆ. ಬೈಕು, ಮಂಚ, ಬೀರು ಅದರ ಹಿಂದೆ ಹೋಗುತ್ತವೆ. ಮಹರು ಎಂಬುದು ನಿಕಾಹಿನ ದಫ್ತರಿನಲ್ಲಿ ಬರೆಯುವ ಒಂದು ಅಂಕಿ, ಅದೂ ಗಡುವಿನದು. ಆ ಗಡುವು ಬರುವುದು ಒಂದೋ ತಲಾಖಿನ ದಿನ, ಇಲ್ಲವೇ ಮಯ್ಯತ್ತಿನ ದಿನ. ಮಯ್ಯತ್ತಿನ ದಿನ ಅದನ್ನು ಮಾಫ್ ಮಾಡಿಸಿಬಿಡುತ್ತೇವೆ. ಹೀಗಿರುವಾಗ ಎರಡು ಪದಗಳ ವ್ಯತ್ಯಾಸವನ್ನು ಮೊದಲು ಅಳಿಸಿಹಾಕಿದವರು ಯಾರು? ಅನುವಾದಕರು ಪುಟದ ಮೇಲೆ ಮಾಡಿದ ತಪ್ಪನ್ನು ನಾವು ಶಾದಿಮಹಲಿನಲ್ಲಿ ಬಹಳ ಹಿಂದೆಯೇ ಮಾಡಿಯಾಗಿತ್ತು. ಇಂಗ್ಲಿಷ್ ಪತ್ರಿಕೆಗಳು ನಮ್ಮ ಪದಗಳನ್ನು ತಪ್ಪಾಗಿ ಬಳಸುತ್ತವೆ ಎಂದು ದೂರುವಾಗ ಇದನ್ನೂ ನೆನೆಯಬೇಕು. ನಡತೆಯಲ್ಲಿ ಉಳಿಸಿಕೊಳ್ಳದ ವ್ಯತ್ಯಾಸವನ್ನು ಪದದಲ್ಲಿ ಉಳಿಸಿಕೊಡಿ ಎಂದು ಪರರನ್ನು ಕೇಳಿದರೆ ಅವರು ಹೇಗೆ ನಂಬಿಯಾರು?

ಆ ಕಥೆಯ ಹಿಂದೆ ನಮ್ಮ ಖಾಲಾ ಇದ್ದಾರೆ. ಖಾಲೂ ತೀರಿಕೊಂಡ ದಿನ ನಾವು ಹತ್ತು ಹನ್ನೆರಡು ವಯಸ್ಸಿನ ಹುಡುಗ, ಅಮ್ಮಿಯ ಪಕ್ಕದಲ್ಲಿ ಹೆಂಗಸರ ನಡುವೆ ಕೂತಿದ್ದೆವು. ಮಾಫ್ ಮಾಡು ಎಂದು ಹಿರಿಯರು ಹೇಳಿದಾಗ ಖಾಲಾ ನಿಧಾನವಾಗಿ ಕೇಳಿದ್ದು ನೆನಪಿದೆ: 'ಅಂಗಡಿ ಸಾಲಗಾರರೂ ಬಂದಿದ್ದಾರಲ್ಲ ಹೊರಗೆ. ಅವರನ್ನೂ ಮಾಫ್ ಮಾಡಿ ಅಂತ ಕೇಳಿದಿರಾ?' ಯಾರೂ ಉತ್ತರಿಸಲಿಲ್ಲ. ಆಮೇಲೆ ಅವರು ತಲೆಯಾಡಿಸಿದರು. ಕಥೆ ಬರೆಯುವಾಗ ಆ ಮಾತು ಒರಟಾಯಿತೆಂದು ಬಿಟ್ಟು, ಬರೀ ಮೌನವನ್ನು ಇಟ್ಟುಕೊಂಡಿದ್ದೆವು. ಬಿಡಬಾರದಿತ್ತು.

ಏಕೆಂದರೆ ಶಾಸ್ತ್ರವೂ ಕಾನೂನೂ ಖಾಲಾ ಹೇಳಿದ್ದನ್ನೇ ಹೇಳುತ್ತವೆ. ಕೊಡದೆ ಉಳಿದ ಮಹರು ಗಂಡನ ಮೇಲಿನ ಸಾಲ. ಆಸ್ತಿಯನ್ನು ವಾರಸುದಾರರಿಗೆ ಹಂಚುವ ಮೊದಲು ಉಳಿದ ಸಾಲಗಳ ಜೊತೆಗೆ ಅದನ್ನೂ ತೀರಿಸಬೇಕು. ಗಂಡನ ಆಸ್ತಿ ನ್ಯಾಯವಾಗಿ ತನ್ನ ಸ್ವಾಧೀನದಲ್ಲಿದ್ದರೆ ಮಹರು ತೀರುವವರೆಗೆ ವಿಧವೆ ಅದನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದನ್ನು ಪ್ರಿವಿ ಕೌನ್ಸಿಲ್ 1916ರಲ್ಲಿಯೇ ಎತ್ತಿಹಿಡಿದಿತ್ತು.

ಅನುವಾದಕರಿಗೆ ಈ ಸಂಗತಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಡವರೂ ಬೇಡ, ಡೌರಿಯೂ ಬೇಡ ಎಂದರು. 'ಮಹರ್' ಎಂಬುದನ್ನು ಹಾಗೆಯೇ ಉಳಿಸಿ, ಮೊದಲ ಸಲ ಬರುವಲ್ಲಿ ಮಾತ್ರ, ಆತ ಆಕೆಗೆ ಕೊಡಬೇಕಾಗಿದ್ದ 'ಡೆಟ್' ಎಂದು ಬರೆದರು. ಖಾಲಾ ಕೇಳಿದ ಪ್ರಶ್ನೆಯನ್ನೂ ಕಥೆಗೆ ಸೇರಿಸಿದೆವು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ. ಡೆಟ್ ಎಂಬ ಪದ ಮಹರಿಗೆ ಯಾವ ನಿಘಂಟಿನಲ್ಲಿಯೂ ಇಲ್ಲ. ಆದರೆ ಕೊಡಬೇಕಾದವನು ಯಾರು, ಸೇರಬೇಕಾದ ಕೈ ಯಾ​ವುದು, ಎಷ್ಟು ದಿನ ತಡವಾಗಿದೆ ಎಂಬುದೆಲ್ಲ ಅದರಲ್ಲಿದೆ. ಎರಡನೆಯ ಮುದ್ರಣವನ್ನು ಓದಿದವರಲ್ಲಿ ಯಾರೂ ಇದುವರೆಗೆ ತಂದೆಯ ಹಣವನ್ನು ಏಕೆ ಕ್ಷಮಿಸಿದಳೆಂದು ಕೇಳಿಲ್ಲ. ಹೆಣ್ಣುಮಗಳೊಬ್ಬಳು ಮಾತ್ರ, ಸಾಲವೆಂದ ಮೇಲೆ ಅವಳು ತಲೆಯಾಡಿಸಿದ್ದೇಕೆ ಎಂದು ಕೇಳಿ ಬರೆದಿದ್ದಳು. ಆ ಪತ್ರಕ್ಕೆ ನಾವು ಇನ್ನೂ ಉತ್ತರ ಬರೆದಿಲ್ಲ.